ರೌಂಡ್ ಪೈಪೋ, ಬಾಕ್ಸ್ ಪೈಪೋ?

ಮಿಷಿಗನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕಾರ್ ಕಾರ್ಖಾನೆಯಿಂದ ರಿಟೈರ್ ಆದವರು. 1930ರ ಫೋರ್ಡ್ ಮಾಡೆಲ್ ಎ ಕಾರಿನ ಬಾಡಿಯನ್ನು ಗ್ಯಾರೇಜಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದಕ್ಕೊಂದು ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿ ಹಾಟ್ ರಾಡ್, ಅಂದರೆ ಜೋರಾಗಿ ಓಡುವ ಹಳೇ ಕಾರು, ಮಾಡೋದು ಅವರ ಆಸೆ. ಆ ಕಾರಿಗೆ ಕಂಪನಿ ಕೊಟ್ಟಿದ್ದು 40 ಹಾರ್ಸ್ ಪವರ್ ಎಂಜಿನ್. ಅದರ ಫ್ರೇಮು, ಅಂದರೆ ಬಾಡಿ, ಎಂಜಿನ್ ಎಲ್ಲ ಹೊರುವ ಕೆಳಗಿನ ಚೌಕಟ್ಟು, ಒಂದು ಪಕ್ಕ ತೆರೆದಿರುವ ಚಾನೆಲ್. ವಿ8 ಜೋರಿಗೆ ಅದು ಸಾಲದು, ಹೊಸದೇ ಕಟ್ಟಬೇಕು.

ಶನಿವಾರ ಬೆಳಿಗ್ಗೆ ನಾನು ಲೆಕ್ಕ ಬರೆದುಕೊಂಡು ಹೋದೆ. ಅಷ್ಟೇ ತೂಕ, ಅಷ್ಟೇ ದಪ್ಪದ ತಗಡು ಇದ್ದರೆ 2x4 ಇಂಚಿನ ಬಾಕ್ಸ್ ಪೈಪಿಗಿಂತ (ಆಯತಾಕಾರದ ಪೈಪು) ರೌಂಡ್ ಪೈಪು ತಿರುಚುವಿಕೆಯನ್ನು ಸುಮಾರು ಎರಡು ಪಟ್ಟು ತಡೆಯುತ್ತದೆ. ಪೂರ್ತಿ ರೌಂಡ್ ಪೈಪೇ ಹಾಕೋಣ ಅಂದೆ.

ಅಜ್ಜ ಅಡುಗೆಮನೆಯಿಂದ ಟಿಶ್ಯೂ ಸುತ್ತುವ ರಟ್ಟಿನ ಕೊಳವೆ ತಂದು ಕೈಗಿಟ್ಟರು. ತಿರುಚಿದೆ, ಜಗ್ಗಲಿಲ್ಲ. ಕತ್ತರಿಯಿಂದ ಉದ್ದಕ್ಕೂ ಒಂದು ಸೀಳು ಹಾಕಿ ಮತ್ತೆ ಕೊಟ್ಟರು. ಈ ಸಲ ಎರಡು ಬೆರಳಿಗೇ ತಿರುಚಿಕೊಂಡಿತು. ಹಳೇ ಚಾನೆಲ್ಲಿನ ಕಥೆ ಇದೇ ಅಲ್ವಾ! ಮೊದಲು ಪೈಪಿನ ಮೈ ಸುತ್ತಲೂ ಸೀಳಿಲ್ಲದೆ ಮುಚ್ಚಿರಬೇಕು, ಆಕಾರದ ಮಾತು ಆಮೇಲೆ ಅಂದರು.

ಆಮೇಲೆ ಒಂದು ರೌಂಡ್ ಪೈಪು ಕೊಟ್ಟು, ಇನ್ನೊಂದಕ್ಕೆ ಕೂರಿಸು ಅಂದರು. ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಗ್ರೈಂಡರ್ ಹಿಡಿದು ಮುಕ್ಕಾಲು ಗಂಟೆ ಒದ್ದಾಡಿದೆ. ಇಟ್ಟು ನೋಡಿದರೆ ಸಂದಿಯಲ್ಲಿ ನಾಣ್ಯ ತೂರುತ್ತಿತ್ತು. ವೆಲ್ಡಿಂಗ್‌ನಿಂದ ಅದನ್ನು ತುಂಬಿಸಿದೆ. ಆರಿದ ಮೇಲೆ ಪೈಪು ಒಂದು ಕಡೆಗೆ ಎಳೆದುಕೊಂಡಿತ್ತು. ಬಾಕ್ಸ್ ಪೈಪಿಗೆ ನೇರ ಕಟಿಂಗ್ ಸಾಕು, ಎಂಜಿನ್ ಕೂರಿಸುವ ಮೌಂಟಿನ ಪ್ಲೇಟು ಅದರ ಮೈಗೆ ಚಪ್ಪಟೆಯಾಗಿ ಕೂರುತ್ತದೆ. ನನ್ನ ಲೆಕ್ಕದ ರೌಂಡ್ ಪೈಪು ಹೆಚ್ಚುಕಡಿಮೆ 4 ಇಂಚು ಅಗಲ ಬೇರೆ. ಎಂಜಿನ್ ಪಕ್ಕ ಅಷ್ಟು ಜಾಗ ಎಲ್ಲಿ?

ಕೊನೆಗೆ ಫ್ರೇಮಿನ ಎರಡು ಪಕ್ಕದ ಉದ್ದನೆಯ ರೈಲುಗಳಿಗೆ (ತೊಲೆಗಳಿಗೆ) 2x4 ಬಾಕ್ಸ್, ಸುಮಾರು 3 ಮಿ.ಮೀ. ದಪ್ಪದ್ದು. 4 ಇಂಚಿನ ಬದಿ ನಿಲ್ಲಬೇಕು. ಮಲಗಿಸಿದ್ದಕ್ಕಿಂತ ನಿಲ್ಲಿಸಿದಾಗ ಅದು ಬಾಗೋದು ಮೂರರಲ್ಲಿ ಒಂದು ಪಾಲು ಮಾತ್ರ. ಆ ಎರಡರ ನಡುವೆ X ಆಕಾರದಲ್ಲಿ ಅಡ್ಡ ಹಾಕುವ ಎಕ್ಸ್‌ಗೆ ಮಾತ್ರ ರೌಂಡ್ ಪೈಪು, ತಿರುಚು ತಡೆಯಬೇಕಾದ್ದು ಅಲ್ಲೇ ತಾನೆ. ಅದರ ಮೀನಿನ ಬಾಯಿಗಳನ್ನೆಲ್ಲ ಅಜ್ಜನೇ ಕೊರೆದರು. ಒಂದರಲ್ಲೂ ಕಾಗದದ ಚೂರು ತೂರಲಿಲ್ಲ.

ಎಕ್ಸ್ ಹಾಕುವ ಮೊದಲು ಫ್ರೇಮಿನ ಒಂದು ಮೂಲೆ ಎತ್ತಿದರೆ ಅದೊಂದೇ ಮೇಲೆ ಬರುತ್ತಿತ್ತು. ಮೂರು ಶನಿವಾರ ಕಳೆದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಅದೇ ಮೂಲೆಗೆ ಜ್ಯಾಕ್ ಕೊಟ್ಟೆವು. ಪಕ್ಕದ ಮೂಲೆಯೂ ಜೊತೆಗೇ ಸ್ಟ್ಯಾಂಡ್ ಬಿಟ್ಟು ಎದ್ದಿತು. ಅಜ್ಜ ಬಗ್ಗಿ ಅದರ ಕೆಳಗೆ ಬೆರಳು ಆಡಿಸಿ ನೋಡಿದರು.