ಪಾರ್ಕರ್ ಕೋವಿಯ ಒಳಗಿನ ಅಂಕಿ

ಹಳೇ ಅಮೆರಿಕನ್ ಪಾರ್ಕರ್ ಜೋಡಿನಳಿಗೆ ಕೋವಿಯ ದರ್ಜೆಯನ್ನು ಹೊರಗಿನ ಕೆತ್ತನೆ ನೋಡಿ ಹೇಳಲು ಹೋಗಬೇಡಿ. ಕೆತ್ತನೆಯನ್ನು ಆಮೇಲೆ ಯಾರು ಬೇಕಾದರೂ ಸೇರಿಸಬಹುದು, ಸೇರಿಸಿದ್ದೂ ಇದೆ. ಎರಡೂ ನಳಿಗೆ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಮುಂದಿನ ಮರ ತೆಗೆದು, ನಳಿಗೆ ಕಳಚಿ. ನಳಿಗೆ ಕೂರುವ ಚಪ್ಪಟೆ ಜಾಗದಲ್ಲಿ ದರ್ಜೆಯ ಗುರುತು ಇರುತ್ತದೆ. ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಕಾಣದ ಮಾದರಿಗಳಲ್ಲಿ 2 ಎಂದರೆ ಜಿಎಚ್ ದರ್ಜೆ, 3 ಡಿಎಚ್, 4 ಸಿಎಚ್. ದರ್ಜೆಯ ಹೆಸರಿನ ಕೊನೆಗೆ 'ಇ' ಸೇರಿದರೆ ಖಾಲಿ ತೋಟಾ ತಾನಾಗಿ ಹೊರಚಿಮ್ಮುವ ಎಜೆಕ್ಟರ್ ಇದೆ ಎಂದರ್ಥ.

ಈಗ ನಳಿಗೆಗಳ ನಡುವಿನ ಪಟ್ಟಿ ಓದಿ. ಅಲ್ಲಿ ಉಕ್ಕಿನ ಹೆಸರು ಇರುತ್ತದೆ: 'ವಲ್ಕನ್ ಸ್ಟೀಲ್' ಸಾಮಾನ್ಯವಾಗಿ ವಿಎಚ್ ದರ್ಜೆಯದ್ದು, 'ಟೈಟಾನಿಕ್ ಸ್ಟೀಲ್' ಡಿಎಚ್‌ನದ್ದು. ಒಳಗೆ 3 ಇದ್ದು ಮೇಲೆ ವಲ್ಕನ್ ಅಂದರೆ ಅನುಮಾನಿಸಿ: ನಳಿಗೆ ಬದಲಾಗಿರಬಹುದು. ಚೌಕಟ್ಟು, ನಳಿಗೆ, ಮುಂದಿನ ಮರದ ಕಬ್ಬಿಣ, ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಲೇಬೇಕು. ತಯಾರಿಕೆಯ ವರ್ಷ ಸಿಗುವುದು ಆ ನಂಬರಿನಿಂದಲೇ. ಪಾರ್ಕರ್ ಕಂಪನಿಯನ್ನು ಇನ್ನೊಂದು ಅಮೆರಿಕನ್ ಕೋವಿ ಕಂಪನಿ ರೆಮಿಂಗ್ಟನ್ ಕೊಂಡದ್ದು 1934ರಲ್ಲಿ.

ದಯವಿಟ್ಟು ಯಾರೂ ಉಜ್ಜಿ ಪಾಲಿಶ್ ಮಾಡಬೇಡಿ. ಅಂಚು ದುಂಡಾಗಿ, ಅಕ್ಷರ ಮಸುಕಾದರೆ ಮರಳಿ ಬರುವುದಿಲ್ಲ. ನಳಿಗೆಯಲ್ಲಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಮಾಡಿದ ನಳಿಗೆ. ಈಗಿನ ತೋಟಾ ಹಾಕುವ ಮಾತೇ ಬೇಡ. ನೂರು ವರ್ಷದ ಹಿಂದೆ ಯಾರೋ ಸುತ್ತಿಗೆಯಿಂದ ಒತ್ತಿದ ಆ ಪುಟ್ಟ ಅಂಕಿಯ ಮೇಲೆ ಬೆರಳಾಡಿಸಿದಾಗ, ಅದರ ಅಂಚು ಇನ್ನೂ ಚುರುಕಾಗಿ ತಾಗುತ್ತದೆ.