ಬಸ್ಸಿನಲ್ಲಿ ಗಟ್ಟಿಯಾದ ರೇಷ್ಮೆ

ಎಂ.ಟೆಕ್ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಬಯೋಮೆಡಿಕಲ್ ಬ್ಯಾಚಿನ ಮುಕ್ಕಾಲು ಮಂದಿ ಇಸಿಜಿ ಕಡೆಗೇ ಓಡಿದರು. ಎಂಐಟಿ-ಬಿಐಎಚ್ ಅನ್ನುವ ಇಸಿಜಿ ಡೇಟಾಬೇಸ್ ಪುಕ್ಕಟೆ ಸಿಗುತ್ತದೆ, ಅರ್ಧರ್ಧ ಗಂಟೆಯ 48 ರೆಕಾರ್ಡಿಂಗ್, ಕೂತಲ್ಲೇ ಇಳಿಸಿಕೊಂಡು ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರಿಗೆ ಹಾಕಿದರೆ ಆಯಿತು, ಕೈ ಒದ್ದೆಯಾಗಲ್ಲ. ನಾನೂ ಅದನ್ನೇ ಬರೆದುಕೊಂಡು ಹೋದೆ. ಗೈಡ್ ಮೇಡಂ ಹಾಳೆ ನೋಡಲೇ ಇಲ್ಲ.

"ನಿಮ್ಮೂರು ಶಿಡ್ಲಘಟ್ಟ ಅಲ್ವೇನಪ್ಪಾ? ಮನೆಯಲ್ಲಿ ಏನು ಕೆಲಸ?"

"ಬಿಚ್ಚಾಣಿಕೆ ಮೇಡಂ, ಗೂಡಿನಿಂದ ರೇಷ್ಮೆ ನೂಲು ತೆಗೆಯೋದು. ಅಪ್ಪ ರೀಲರ್."

"ಮತ್ತೆ ಯಾರದ್ದೋ ಎದೆಬಡಿತ ನಿನಗ್ಯಾಕೆ?"

ಹಾಗೆ ಶುರುವಾಗಿದ್ದು, ರೇಷ್ಮೆಯಿಂದ ಗಾಯದ ಮೇಲೆ ಹಾಕುವ ತೆಳು ಪೊರೆ ಮಾಡುವ ಕೆಲಸ. ಆಪರೇಷನ್ನಿನ ಹೊಲಿಗೆಗೆ ರೇಷ್ಮೆ ದಾರ ಬಳಸುತ್ತಾರೆ ಅಂತ ಗೊತ್ತಿತ್ತು. ಮನೆ ಹಿಂದೆ ಚೀಲದಲ್ಲಿ ಬಿದ್ದಿರುವ ತೂತು ಗೂಡೂ ಅದೇ ಪದಾರ್ಥ ಅಂತ ಮಾತ್ರ ಹೊಳೆದಿರಲಿಲ್ಲ.

ರೇಷ್ಮೆ ಎಳೆಯ ಒಳಗಿರುವುದು ಫೈಬ್ರೊಯಿನ್ ಅನ್ನುವ ಪ್ರೋಟೀನ್, ಮೇಲಿನ ಅಂಟು ಸೆರಿಸಿನ್. ಬಿಚ್ಚಾಣಿಕೆಯಲ್ಲಿ ಅಂಟು ಸಡಿಲವಾಗಿ ಎಳೆ ಬಿಟ್ಟುಕೊಂಡರೆ ಸಾಕು. ನಮಗೆ ಅದು ಪೂರ್ತಿ ಹೋಗಬೇಕು. 2 ಲೀಟರ್ ನೀರಿಗೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್, 5 ಗ್ರಾಂ ಕತ್ತರಿಸಿದ ಗೂಡು, 30 ನಿಮಿಷ ಕುದಿ. ಒಣಗಿಸಿ ತೂಗಿದರೆ ಹೆಚ್ಚುಕಮ್ಮಿ ಕಾಲು ಭಾಗ ಮಾಯ. ಅಪ್ಪನಿಗೆ ಹೇಳಿದೆ. "ತೂಕ ಕಳ್ಕೊಳ್ಳೋಕೆ ಕಾಲೇಜಿಗೆ ಬೇರೆ ಹೋಗಬೇಕಾ?" ಅಂದರು. ರೀಲರ್ ಅಲ್ವಾ, ಗ್ರಾಂ ಲೆಕ್ಕ ಬಿಡಲ್ಲ.

ಅಂಟು ಹೋದ ಎಳೆಯನ್ನು ಕರಗಿಸಲು ಹೆಚ್ಚಿನ ಪೇಪರ್‌ಗಳಲ್ಲಿ ಲಿಥಿಯಂ ಬ್ರೋಮೈಡ್. ಬೆಲೆ ಕೇಳಿ ಸುಮ್ಮನಾದೆವು. ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು, ಮೋಲ್ ಲೆಕ್ಕದಲ್ಲಿ 1:2:8, ಅದರಲ್ಲೇ ಕರಗಿಸಿದೆವು. ಆಮೇಲೆ ಉಪ್ಪಿನ ಅಂಶ ಹೋಗಲು ಡಯಾಲಿಸಿಸ್ ಟ್ಯೂಬಿಗೆ ತುಂಬಿ ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ದಿನ. ರಾತ್ರಿಯೂ ಎದ್ದು ನೀರು ಬದಲಿಸಬೇಕು, ಹಾಗಾಗಿ ಲ್ಯಾಬಿನ ಬೆಂಚೇ ಹಾಸಿಗೆ.

ಅಷ್ಟು ಮಾಡಿದ ದ್ರಾವಣವನ್ನು ಟೆಸ್ಟಿಂಗ್‌ಗೆ ಬೆಂಗಳೂರಿಗೆ ಒಯ್ದೆ. ಅರ್ಧ ತುಂಬಿದ ಬಾಟಲಿ, ಏಪ್ರಿಲ್ ಬಿಸಿಲು, ಬಸ್ಸಿನ ಕೊನೆ ಸೀಟು, ರೋಡ್ ಹಂಪ್‌ಗೊಂದು ನೆಗೆತ. ಇಳಿದಾಗ ಮಂಜು ಮಂಜಾಗಿತ್ತು. ಮಷೀನಿನ ಸರದಿ ಸಿಕ್ಕಿದ್ದು ಮಾರನೇ ಬೆಳಗ್ಗೆ, ಅಷ್ಟೊತ್ತಿಗೆ ಬಾಟಲಿಯಲ್ಲಿ ಗಟ್ಟಿ ಮೊಸರು. ನಿಜವಾಗಲೂ ಅಳು ಬಂತು. ಫೋನಿನಲ್ಲಿ ಮೇಡಂ, "ಎಸೀಬೇಡ, ವಾಪಸ್ ತಗೊಂಡು ಬಾ" ಅಂದರು.

ಕುಲುಕಿದರೆ ಫೈಬ್ರೊಯಿನ್ ಸರಪಣಿಗಳು ಸಾಲಾಗಿ ಮಡಚಿಕೊಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬೀಟಾ ಶೀಟ್ ಅಂತ. ಹುಳು ಗೂಡು ಕಟ್ಟುವಾಗ ದ್ರವ ಎಳೆಯಾಗುವುದೂ ಹೀಗೇ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ, ಬ್ಯಾಗಿಗೆ ಬಾಟಲಿ ಹಾಕುವಾಗ ಮಾತ್ರ ನೆನಪಾಗಲಿಲ್ಲ! ಎಷ್ಟು ನಿಮಿಷ ಕುಲುಕಿದರೆ ಎಷ್ಟು ಗಂಟೆಗೆ ಗಟ್ಟಿಯಾಗುತ್ತದೆ ಅನ್ನುವುದೇ ಥೀಸಿಸ್‌ನಲ್ಲಿ ಒಂದು ಅಧ್ಯಾಯವಾಯಿತು. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದಿದ್ದೂ ಅದರ ಮೇಲೇ, ಪೊರೆಯನ್ನು ಯಾರೂ ಕೇಳಲಿಲ್ಲ.

ಎರಡನೇ ಸಲ ಬಾಟಲಿಯನ್ನು ಕತ್ತಿನವರೆಗೂ ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ಡ್ರೈವರ್ ಹಿಂದಿನ ಸೀಟಿನಲ್ಲಿ ತೊಡೆ ಮೇಲೆ ಹಿಡಿದು ಕೂತಿದ್ದೆ. ಕಂಡಕ್ಟರ್, "ಏನ್ ಸಾರ್, ಐಸ್‌ಕ್ರೀಮಾ?" ಅಂದರು. ರೇಷ್ಮೆ ಅಂದೆ. ಡಬ್ಬಿಗೂ ಟಿಕೆಟ್ ಹರಿದರು.