ಮೆಟ್ಟಿಲು ಕಂಡರೆ ಅಳು

ಕುಮಾರ ಪರ್ವತದಿಂದ ಇಳಿದು ಎರಡು ದಿನ ಆಯ್ತು. ಆಫೀಸಿನ ಮೆಟ್ಟಿಲನ್ನು ಇವತ್ತೂ ಏಡಿ ಥರ ಅಡ್ಡಡ್ಡ ಇಳಿದೆ.

ಕುಕ್ಕೆಯಿಂದ ಹೊರಟವರು ಐದು ಜನ. ದಾರಿ ಮಧ್ಯೆ ಸಿಗುವ ಭಟ್ಟರ ಮನೆಯವರೆಗೆ ಬರೀ ಕಾಡು, ಬರೀ ಬೇರು, ಬರೀ ಏರು. ಅಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಉಂಡ ಮೇಲೆ ಎಲ್ಲರೂ ವೀರರೇ. ಮರುದಿನ ಕಲ್ಲು ಮಂಟಪ ದಾಟುವಷ್ಟರಲ್ಲಿ ವೀರರ ಬಾಯಿ ಬಂದ್. ಗೆಳೆಯನ ಶೂ ಮಾತ್ರ ಬಾಯಿ ಬಿಟ್ಟಿತ್ತು. ಜರ್ಕಿನ್ನಿನ ಲಾಡಿ ಎಳೆದು ಶೂ ತಳಕ್ಕೆ ಸುತ್ತಿ ಕಟ್ಟಿದೆವು. ಆಮೇಲೆ ದಾರಿಯುದ್ದಕ್ಕೂ ಟಪ್ ಟಪ್.

ಶೇಷ ಪರ್ವತ ಮುಟ್ಟಿ, ಕೂಗಾಡಿ, ಫೋಟೊ ತೆಗೆದುಕೊಂಡೆವು. ತಲೆ ಎತ್ತಿದರೆ ಎದುರಿಗೆ ಇನ್ನೊಂದು! 1712 ಮೀಟರಿನ ಅಸಲಿ ಶಿಖರ ಅದು. ಅದಕ್ಕೆ ಮೊದಲು ಕಾಡಿನೊಳಗೆ ಇಳಿಯಬೇಕು. ನನಗೆ ಜಾಸ್ತಿ ಸಿಟ್ಟು ಬಂದದ್ದು ಏರಿನ ಮೇಲಲ್ಲ, ಆ ಇಳಿಜಾರಿನ ಮೇಲೆ. ಕಷ್ಟಪಟ್ಟು ಗಳಿಸಿದ್ದನ್ನು ಸುಮ್ನೆ ಬಿಟ್ಟುಕೊಡೋದು ಎಷ್ಟು ಸಂಕಟ ಅಲ್ವಾ? ಸಿಟ್ಟಲ್ಲೇ ಬಂಡೆ ಹತ್ತಿದೆ.

ತುದಿಯಲ್ಲಿ ಬರೀ ಮಂಜು. ಏನೂ ಕಾಣಲಿಲ್ಲ. ಚೀಲದಲ್ಲಿ ಒಂದೇ ಕಿತ್ತಳೆ ಉಳಿದಿತ್ತು, ಐದು ಪಾಲು ಮಾಡಿದೆವು. ಒಂದು ತೊಳೆ ಮಿಕ್ಕಿತು. ಅದು ಹರಕು ಶೂನವನಿಗೆ.